ಹಿಡಿದು ಬಿಟ್ಟ ಮೀನು

ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಿಂದ ನಮ್ಮ ಓದುಗ ಸೋದರಿಯೊಬ್ಬರು ಕಳೆದ ತಿಂಗಳು ಕಾಗದ ಬರೆದಿರುವರು. ಅದರೊಡನೆ ಒಂದು ಭಾವಚಿತ್ರವೂ ಬಂದಿದೆ. ಅಮೆರಿಕದಲ್ಲಿರುವ ಅವರ ಮಗನು ಬೇಸಿಗೆಯ ರಜೆಯಲ್ಲಿ ಅಲ್ಲಿನ ಯಾವುದೋ ಹೊಳೆಯ ಮೇಲೆ ದೋಣಿಯಲ್ಲಿ ಕುಳಿತಿದ್ದಾನೆ. ಕೈಯಲ್ಲಿ ಮೈತುಂಬ ಚುಕ್ಕೆಯಿರುವ ಮೀನು. ಹಿಂದೆ ಹುಟ್ಟು ಹಿಡಿದ ಮಾರ್ಗದರ್ಶಿಯೊಬ್ಬನು ನಗುತ್ತಿದ್ದಾನೆ. “ಒಂದು ದಿನದ ಈ ಸುಖಕ್ಕೆ ಅವನು ನಮ್ಮ ಒಂದು ತಿಂಗಳ ಮನೆಖರ್ಚಿನಷ್ಟು ಹಣ ತೆತ್ತನಂತೆ. ಅಷ್ಟಾಗಿ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಟ್ಟನಂತೆ. ತಿನ್ನದ ಮೀನನ್ನು ಹಿಡಿಯುವುದೇತಕ್ಕೆ? ನಮ್ಮ ದೇಶದಲ್ಲಿ ಯಾರಾದರೂ ಇಂಥ ಹುಚ್ಚಾಟ ಮಾಡಿದ್ದುಂಟೆ? ದಯವಿಟ್ಟು ತಿಳಿಸಬೇಕು” ಎಂದು ಕೇಳಿರುವರು.

ಮೊದಲು ಆ ಚಿತ್ರದ ಮಾತು. ಮೀನಿನ ಹೆಸರು ಟ್ರೌಟ್. ತಣ್ಣೀರಿನ ಪ್ರಾಣಿ, ಹೊಳೆಯ ಮೇಲೆ ಹಾರಾಡುವ ಹುಳುಗಳೆಂದರೆ ಅದಕ್ಕೆ ಬಲು ಪ್ರೀತಿ. ಆದಕಾರಣ ಹಿಡಿಯುವವರು ಸಣ್ಣ ಕೊಕ್ಕೆಗೆ ಹಕ್ಕಿಯ ಗರಿಯನ್ನೂ ನೂಲನ್ನೂ ಸುತ್ತಿ, ಹುಳುವಿನಂತೆಯೇ ಕಾಣುವ ಹುಸಿ ನೊಣವನ್ನು ಮಾಡಿ ನೀರಿನ ಮೇಲೆ ತೇಲಿಬಿಡುವರು. ದೋಣಿಯ ತಳ ಚಪ್ಪಟೆ, ತುದಿಗಳು ಮೇಲಕ್ಕೆ ಬಾಗಿರುವುವು. ಆರಿಗಾನ್ ಸೀಮೆಯ ಮೆಕೆಂಜಿ ಹೊಳೆಯ ಹೆಸರಿನಲ್ಲಿ ಪ್ರಸಿದ್ಧವಾದ ಮಾದರಿ ಅದು. ಮಾರ್ಗದರ್ಶಿಯು ಹೊಳೆ ಹರಿಯುವ ಕಡೆಗೇ ಮುಖಮಾಡಿ ಕುಳಿತು, ಹುಟ್ಟನ್ನು ಮಾತ್ರ ಪ್ರವಾಹಕ್ಕೆ ಎದುರಾಗಿ ಹಾಕುವನು. ಮುಂದೆ ಹೋಗಬೇಕೆಂದಲ್ಲ, ಬೇಗ ಹೋಗಬಾರದೆಂದು. ಮೀನು ಎಲ್ಲಿ ನಿಂತಿದೆಯೆಂಬುದನ್ನು ಬಲ್ಲವನು ಅವನೇ. ಹಣ ತೆತ್ತವನು ಅವನು ತೋರಿದ ಕಡೆ ದಾರವನ್ನು ಬೀಸುವನು, ಅಷ್ಟೆ. ಇಂಗ್ಲಿಷರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಮೀನನ್ನು ನೀಲಗಿರಿಗೂ ತಂದು ಬಿಟ್ಟರು. ನಮ್ಮ ಬಯಲುಸೀಮೆಯ ನೀರು ಅದಕ್ಕೆ ಒಗ್ಗುವುದಲ್ಲ.

ಇನ್ನು ಎರಡನೆಯ ಪ್ರಶ್ನೆ. ಇಂಥ ಹುಚ್ಚಾಟ ನಮ್ಮಲ್ಲಿ ಉಂಟೆ? ಉಂಟು, ಅಥವಾ ಇತ್ತು. ಅದೂ ಎಲ್ಲಿಯೋ ಅಲ್ಲ, ಕಾಗದ ಬರೆದ ಸೋದರಿಯ ಮನೆಯ ಕೆಳಗೆ ಹರಿಯುವ ನೀರಿನಲ್ಲಿಯೇ ಇತ್ತು.

ಬ್ಲಫ್ ಎಂದರೆ ಶಿವನಸಮುದ್ರದ ವಿದ್ಯುದಾಗಾರಕ್ಕೆ ಸೇರಿದ ವಸತಿಯೆಂಬುದನ್ನು ಆ ಕಡೆಯವರಿಗೆ ಹೇಳಬೇಕಾದುದಿಲ್ಲ. ಕಡಿದಾದ ದಂಡೆಗೆ ಇಂಗ್ಲಿಷಿನಲ್ಲಿ ಆ ಮಾತು ಸಲ್ಲುತ್ತದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುಚ್ಛಕ್ತಿ ಹೋಯಿತು. ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕಿದ ಕಾವೇರಿ ಮತ್ತೆ ಒಂದಾಗಿ, ಶಿಂಷೆಯನ್ನು ಕೂಡಿಕೊಂಡು, ಮುತ್ತತ್ತಿ ಭೀಮೇಶ್ವರಿಗಳ ಕಾಡನ್ನು ಹಾದು ಮೇಕೆದಾಟಿನ ಕಡೆಗೆ ಹೋಗುವಳಷ್ಟೆ. ಆ ದಾರಿಯ ಬಂಡೆಗಳ ನಡುವಣ ಮಡುಗಳಲ್ಲಿ ಮಶೀರ್ ಎಂಬ ಮೀನಿದೆ. ಒಂದೊಂದು ಹುರುಪೆಯೂ ಅಂಗೈಯಗಲ. ಹಲ್ಲು ಬಾಯಲ್ಲಿಲ್ಲ, ಗಂಟಲಿನಲ್ಲಿದೆ. ಏಡಿಯನ್ನೂ ಗುಳ್ಳೆಯನ್ನೂ ಅಲ್ಲಿಯೇ ಅರೆದು ನುಂಗುವುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಎಂಬವರು ಕಬಿನಿಯಲ್ಲಿ ಗಾಳದಿಂದ ಹಿಡಿದ ಮಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ, ತೂಗಿತು. ಹೆಂಡಿರು ಮಕ್ಕಳ ತೂಕವನ್ನು ನೆನೆದು ವಾಚಕರೇ ಹೋಲಿಸಿಕೊಳ್ಳಬಹುದು.

ಆಮೇಲೆ ಆ ಮೀನಿನ ಸುದ್ದಿ ಬಹುಕಾಲ ಅಡಗಿತು. ಮುಗಿದೇಹೋಯಿತೆಂದು ಎಷ್ಟೋ ಮಂದಿ ಬಗೆದಿದ್ದರು. 1977–78ರಲ್ಲಿ ಮೂವರು ಇಂಗ್ಲಿಷ್ ತರುಣರು ಬಂದು ಕಾವೇರಿಯಲ್ಲಿ ಮತ್ತೆ ದೊಡ್ಡ ಮೀನುಗಳನ್ನು ಹಿಡಿದು ತೋರಿಸಿದರು. ಬಳಿಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿಯಲ್ಲಿ ಬೀಡು ಕಟ್ಟಿತು. ದಕ್ಷಿಣ ಭಾರತದ ವನ್ಯಜೀವಿ ಸಂಘದವರು ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟರು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ನೀರಿಗೆ ಬಿಡತಕ್ಕದ್ದೆಂಬುದು ಅಲ್ಲಿಯ ಕಟ್ಟಳೆ. ಹರಿಗೋಲಿನ ಮಾರ್ಗದರ್ಶಿಗಳಾಗಿಯೂ ಕಾವಲುಗಾರರಾಗಿಯೂ ಸೇರಿದವರು ಹೊಳೆಯ ಬದಿಯ ಹಳ್ಳಿಯವರೇ. ಹಿಂದೆ ಮಡುವಿಗೆ ಸಿಡಿಮದ್ದು ಎಸೆದು ಮೀನು ಕೊಲ್ಲುತ್ತಿದ್ದ ಕೆಲವರೂ ಅವರಲ್ಲಿದ್ದರು. ಮೀನಿನ ಮನೆಯ ಗುಟ್ಟು ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೆ ತಿಳಿದೀತು?

2008ರ ಬೇಸಿಗೆಯಲ್ಲಿ ನಾವೂ ಒಬ್ಬ ಸ್ನೇಹಿತರೊಡನೆ ಒಂದು ದಿನ ಅಲ್ಲಿದ್ದೆವು. ಗಾಳ ಸ್ನೇಹಿತರದು, ನಾವು ಬರಿಯ ನೋಡುವವರು. ಹರಿಗೋಲೆಂದರೆ ಬಿದಿರಿನ ದೊಡ್ಡ ಮೊರವೆಂದು ಹೇಳಿದರೆ ನಮ್ಮ ಸೋದರಿಯರಿಗೆ ಅರ್ಥವಾದೀತು. ಅದಕ್ಕೆ ಮೂತಿಯಿಲ್ಲ, ಬಾಲವಿಲ್ಲ. ಒಂದೇ ಹುಟ್ಟಿನಿಂದ ಅಂಬಿಗನು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ, ಮುದ್ದೆ ತೊಳಸುವವರಂತೆ ಕೈಯಾಡಿಸುತ್ತಾನೆ. ಕೈ ತಪ್ಪಿದರೆ ಅದು ಬುಗುರಿ. ನಮ್ಮ ಅಂಬಿಗನಿಗೆ ಅರವತ್ತು ದಾಟಿತ್ತು.

ಮುದ್ದೆಯೆಂದೆವಲ್ಲ, ಅದು ಉಪಮೆಗಾಗಿ ಬಂದ ಮಾತಲ್ಲ. ಗರಿಯ ಹುಳುವಿನಿಂದಲೂ ಮಶೀರನ್ನು ಹಿಡಿಯುವವರುಂಟು. ಆದರೆ ಕಾವೇರಿಯಲ್ಲಿ ನಡೆದುದು ರಾಗಿ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಚೆನ್ನಾಗಿ ನಾದಿ, ನಿಂಬೆಯ ಹಣ್ಣಿನಷ್ಟು ಉಂಡೆ ಮಾಡಿ, ಕೊಕ್ಕೆ ಕಾಣದಂತೆ ಒತ್ತುವರು. ಅಂಬಿಗನ ಮನೆಯಾಕೆ ನಸುಕಿನಲ್ಲಿ ಒಂದೇ ಒಲೆಯ ಮೇಲೆ ಮಕ್ಕಳಿಗೊಂದು, ಮೀನಿಗೊಂದು ಎಂದು ಎರಡು ಪಾತ್ರೆ ಇಟ್ಟಿದ್ದಳು. ಮೀನಿನದಕ್ಕೆ ತುಸು ಮಸಾಲೆಯೂ ಬೀಳುವುದೆಂದು ನಕ್ಕಳು. ಅಂದು ಮಕ್ಕಳ ಮುದ್ದೆಗೆ ಬರಿಯ ಉಪ್ಪುಸಾರು.

ಬೆಳಗೆಲ್ಲ ಏನೂ ಆಗಲಿಲ್ಲ. ಬಿಸಿಲೇರಿತು. ನಾವು ತೂಕಡಿಸುತ್ತಿದ್ದೆವೆಂದೇ ಒಪ್ಪಿಕೊಳ್ಳಬೇಕು. ಒಮ್ಮೆಲೆ ದಾರದ ಉರುಳೆ ಕಿರುಚಿಕೊಂಡಿತು. ಮೀನು ಬಂಡೆಗಳ ಕಡೆಗೆ ಓಡಿತು, ಅದರ ಹಿಂದೆ ನಾವು ಮೂವರನ್ನೂ ಹೊತ್ತ ಹರಿಗೋಲು ಓಡಿತು. ಅಂಬಿಗನೊಬ್ಬನೇ ನೆಮ್ಮದಿಯಾಗಿದ್ದನು. “ಬಿಡಿ ಸ್ವಾಮಿ, ಓಡ್ಲಿ, ಓಡ್ಲಿ. ಈಗ ಎಳೀರಿ. ಈಗ ಬ್ಯಾಡ” ಎಂದು, ಮಗುವಿಗೆ ನಡೆ ಕಲಿಸುವವನಂತೆ ಹೇಳುತ್ತಿದ್ದನು. ಅರ್ಧ ಗಂಟೆ ಕಳೆದ ಮೇಲೆ ದಂಡೆಯ ತೆಳುನೀರಿಗೆ ಬಂದಿತು. ಇಪ್ಪತ್ತು ಪೌಂಡಿನ ಸುಂದರವಾದ ಮೀನು, ರೆಕ್ಕೆಗಳಲ್ಲಿ ನೀಲಿಯ ಛಾಯೆ. ಸ್ನೇಹಿತರ ಸಂತೋಷಕ್ಕೆ ಪಾರವಿಲ್ಲ. ಅಂಬಿಗನು ಅದರ ತಲೆಯನ್ನು ಪ್ರವಾಹದ ಕಡೆಗೆ ಹಿಡಿದು, ಉಸಿರು ತಿರುಗುವವರೆಗೂ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದನು. ಅದು ಬಾಲವೊದರಿ ಹೋದ ಮೇಲೆ ನಮ್ಮ ಕಡೆ ತಿರುಗಿ ಮೆಲ್ಲಗೆ ಹೇಳಿದ ಮಾತು ಇಂದಿಗೂ ನೆನಪಿದೆ: “ಚೆನ್ನಾಗೈತೆ. ಆದ್ರೆ ಇದು ನಮ್ದಲ್ಲ ಸ್ವಾಮಿ, ಬಂದಿದ್ದು. ನಮ್ಮ ಬಿಳಿಮೀನಿಗೆ ಡುಬ್ಬ ಇರ್ತದೆ, ರೆಕ್ಕೆ ಕೆಂಪಗಿರ್ತದೆ. ಅದರ ಮರಿ ನೋಡಿ ಬೋ ದಿವ್ಸ ಆಯ್ತು.”

ನಾವು ಆ ಮಾತನ್ನು ವೃದ್ಧರ ಹಳಹಳಿಕೆಯೆಂದು ಎಣಿಸಿ ಮರೆತೆವು. ತಪ್ಪು ನಮ್ಮದು.

ನಡೆದ ಸಂಗತಿ ಹೀಗೆ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ನೀಲಿ ರೆಕ್ಕೆಯ ಮಶೀರಿನ ಮರಿಗಳನ್ನು ಬೆಳೆಸುವ ಬಗೆಯನ್ನು ಕಂಡುಹಿಡಿದರು. ಅಳಿಯುತ್ತಿರುವ ಮೀನನ್ನು ಉಳಿಸೋಣವೆಂಬ ಒಳ್ಳೆಯ ಮನಸ್ಸಿನಿಂದ 1970ರ ದಶಕದ ಕೊನೆಯಿಂದ ಆ ಮರಿಗಳನ್ನು ಕಾವೇರಿಗೂ ತಂದು ಬಿಟ್ಟರು. ಮಶೀರೆಂದರೆ ಮಶೀರು, ಒಂದರಲ್ಲಿ ಇನ್ನೊಂದು ಎಂಬುದು ಎಲ್ಲರ ಎಣಿಕೆ. ಹಾಗಲ್ಲವೆಂಬುದು ಹೇಗೆ ತಿಳಿಯಿತೆಂಬುದೇ ಈ ಕಥೆಯಲ್ಲಿ ಸೋಜಿಗದ ಭಾಗ. ಕೆಳಗಿನ ಗಾಳಿಬೋರೆಯ ಬೀಡಿನಲ್ಲಿ ಗಾಳದವರು ಹಿಡಿದ ಒಂದೊಂದು ಮೀನನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರಷ್ಟೆ. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ವಿಜ್ಞಾನಿಗಳು ತೆರೆದು ಕೂಡಿಸಿ ನೋಡಿದರು: 23,620 ಗಂಟೆಗಳ ಗಾಳ, 6,161 ಮಶೀರುಗಳು. ಒಟ್ಟು ಲೆಕ್ಕ ನೋಡಿದರೆ ಮೀನು ಹೆಚ್ಚುತ್ತಲೇ ಇತ್ತು. ಬಿಡಿಸಿ ನೋಡಿದರೆ ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯದು. ಡುಬ್ಬದ ಮೀನು ವರ್ಷದಿಂದ ವರ್ಷಕ್ಕೆ ವಿರಳವಾಯಿತು, ಸಿಕ್ಕಿದವು ಹೆಚ್ಚು ಹೆಚ್ಚು ದೊಡ್ಡವಾಗುತ್ತ ಹೋದುವು. ದೊಡ್ಡವೇ ಸಿಕ್ಕಿದರೆ ಸಂತೋಷವಲ್ಲವೆ ಎಂದು ಕೇಳಬಾರದು. ಮುದುಕರೇ ಉಳಿದು ತೊಟ್ಟಿಲು ಕಾಣದ ಊರಿನ ಸ್ಥಿತಿ ಅದು. ಅಂಬಿಗನು ಮರಿ ಕಾಣೆನೆಂದುದು ಇದನ್ನೇ.

ಇನ್ನೊಂದು ವಿಚಿತ್ರ. ಜಗತ್ಪ್ರಸಿದ್ಧವಾದ ಈ ಡುಬ್ಬದ ಮೀನಿಗೆ 2018ರವರೆಗೂ ಶಾಸ್ತ್ರದಲ್ಲಿ ಖಚಿತವಾದ ಹೆಸರಿರಲಿಲ್ಲ. ಹೆಸರಿಲ್ಲದ ಪ್ರಾಣಿಯನ್ನು ಅಪಾಯದ ಪಟ್ಟಿಗೆ ಸೇರಿಸುವುದಾದರೂ ಹೇಗೆ? 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮೀನೊಂದಕ್ಕೆ ಟಾರ್ ರೆಮಾದೇವಿ ಎಂದು ಹೆಸರಿಟ್ಟಿದ್ದರು. ನಮ್ಮದೂ ಅದೇ ಎಂದು 2018ರಲ್ಲಿ ಗೊತ್ತಾಯಿತು. ಅದೇ ವರ್ಷ ಅದು, ನಾಶದ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ನಾಮಕರಣವೂ ವೈದ್ಯನ ಕೈಬಿಟ್ಟ ಮಾತೂ ಒಂದೇ ವರ್ಷದಲ್ಲಾದುವು.

ಅಷ್ಟರಲ್ಲಿ ಗಾಳ ನಿಂತುಹೋಗಿತ್ತು. ಹೊಳೆಯ ಈ ಭಾಗವು 1987ರಿಂದ ಕಾವೇರಿ ವನ್ಯಜೀವಿಧಾಮ. ಅಂಥ ಕಡೆ ಹಿಡಿದು ಬಿಡುವುದೂ ಬೇಟೆಯ ಸಾಲಿಗೇ ಸೇರತಕ್ಕದ್ದೆಂದು ಕಾನೂನಿಗೆ ಅರ್ಥ ಮಾಡಿದ ಮೇಲೆ, 2012ರ ಹೊತ್ತಿಗೆ ಆ ಬೀಡುಗಳಲ್ಲಿ ಮೀನಿನ ಆಟ ಮುಗಿಯಿತು. ಇದರ ಸರಿತಪ್ಪುಗಳ ವಿಚಾರದಲ್ಲಿ ಬಲ್ಲವರಲ್ಲಿ ಎರಡು ಪಕ್ಷಗಳುಂಟು. ಕೊಕ್ಕೆ ಕೊಕ್ಕೆಯೇ, ಬೇಸಿಗೆಯ ಬಿಸಿನೀರಿನಲ್ಲಿ ದಣಿದ ಮೀನು ಬಿಟ್ಟ ಮೇಲೂ ಸತ್ತೀತು ಎಂಬುದು ಒಂದು. ಗಾಳದವರ ಹಣದಿಂದ ನಡೆಯುತ್ತಿದ್ದ ಕಾವಲು ಹೋಗಿ, ಸಿಡಿಮದ್ದಿನವನಿಗೆ ದಾರಿ ತೆರವಾಯಿತು ಎಂಬುದು ಇನ್ನೊಂದು. ನಮಗೆ ಗಾಳದ ಮೋಹವಿಲ್ಲ. ರಾಮನಾಥಪುರದಲ್ಲಿಯೂ ಶೃಂಗೇರಿಯಲ್ಲಿಯೂ ಮಶೀರುಗಳು ಯಾವ ಗಾಳವೂ ಇಲ್ಲದೆ, ಭಕ್ತರು ಎಸೆದ ಪುರಿಯನ್ನು ತಿಂದುಕೊಂಡು ಬದುಕಿಲ್ಲವೆ? ಆದರೆ ಗಾಳವನ್ನು ತೆಗೆದವರು, ಲೆಕ್ಕದ ಪುಸ್ತಕ ಬರೆಯುವ ಕೈಯನ್ನೂ ಹರಿಗೋಲಿನವನ ಕಣ್ಣನ್ನೂ ಅದರೊಡನೆಯೇ ಹೊಳೆಯಿಂದ ಎಬ್ಬಿಸಬೇಕಾಗಿತ್ತೆ? ಅವನಿಗೆ ಅದೇ ಸಂಬಳ ಕೊಟ್ಟು, ದಿನವೂ ಮಡುಗಳನ್ನು ನೋಡಿ ಬಂದು ಹೇಳೆಂದಿದ್ದರೆ ಸಾಕಾಗಿತ್ತೆಂದು ನಮಗೆ ತೋರುವುದು.

ಡುಬ್ಬದ ಮೀನು ಈಗ ಮುಖ್ಯವಾಗಿ ಕಾವೇರಿಯ ಉಪನದಿಯಾದ ಭವಾನಿಯನ್ನು ಸೇರುವ ಮೋಯಾರಿನಲ್ಲಿ ಉಳಿದಿದೆಯೆಂದು ಬಲ್ಲವರು ಹೇಳುವರು. ಭೀಮೇಶ್ವರಿಯ ಮಡುಗಳಲ್ಲಿ ಒಂದಾದರೂ ಇದ್ದೀತೆಂದು ನಂಬುವವರಲ್ಲಿ ನಾವೂ ಸೇರಿದ್ದೇವೆ.

ಇನ್ನು ಸೋದರಿಯ ಕಾಗದಕ್ಕೆ ಉತ್ತರವಾಗಿ ಎರಡು ಮಾತು. ಮಗನು ಮೀನನ್ನು ಬಿಟ್ಟದ್ದು ಹುಚ್ಚಲ್ಲವೆಂದು ಬರೆಯಬಹುದು. ಬರುವ ಬೇಸಿಗೆಗೆ ಅವನು ಊರಿಗೆ ಬಂದಾಗ ಹಲಗೂರಿನ ಮಾರ್ಗವಾಗಿ ಭೀಮೇಶ್ವರಿಗೆ ಕರೆದುಕೊಂಡು ಹೋಗಿ ಹರಿಗೋಲಿನಲ್ಲಿ ಕೂರಿಸಿರಿ. ಗಾಳದ ಕೋಲನ್ನು ಮಾತ್ರ ಅಲ್ಲಿಯೇ ಬಿಟ್ಟುಬರಲಿ. ಅಂಬಿಗನಲ್ಲಿ ಡುಬ್ಬದ ಮೀನಿನ ಮಾತೆತ್ತಿ, ಅವನು ಹೇಳಿದುದನ್ನೆಲ್ಲ ಬರೆದುಕೊಳ್ಳಲಿ. ಮಕ್ಕಳಿದ್ದರೆ ನೀರಿಗಿಳಿಯಗೊಡಬೇಡಿರಿ. ಮುತ್ತತ್ತಿಯ ಸುಳಿಗಳು ಈಜು ಬಲ್ಲವರನ್ನೂ ನುಂಗಿವೆ, ಮೊಸಳೆಗಳೂ ಇವೆ. ಮೇಲಿನಿಂದ ನೀರು ಬಿಟ್ಟಾಗ ಮಳೆಯ ಸುಳಿವೇ ಇಲ್ಲದೆ ಹೊಳೆ ಏರುವುದೆಂಬುದನ್ನು ಬ್ಲಫ್‌ನವರಿಗೆ ನಾವು ಹೇಳಬೇಕಾದುದಿಲ್ಲ.