ಹಳೆಯ ನೋಟಿನ ಬೆಲೆ

ಸಂಗ್ರಹಿಸುವುದು ಮನುಷ್ಯನ ಹುಟ್ಟುಗುಣ. ಹೊಳೆಯ ದಂಡೆಯಲ್ಲಿ ಆಡುವ ಮಗು ಬಣ್ಣದ ಕಲ್ಲುಗಳನ್ನು ಆರಿಸಿ ಜೇಬಿಗೆ ತುಂಬಿಕೊಳ್ಳುತ್ತದೆ. ಶಾಲೆಗೆ ಹೋಗುವ ಹುಡುಗಿ ನವಿಲುಗರಿಯನ್ನು ಪುಸ್ತಕದ ಹಾಳೆಗಳ ನಡುವೆ ಬಚ್ಚಿಡುತ್ತಾಳೆ. ದೊಡ್ಡವರಾದ ಮೇಲೆ ಕೆಲವರು ಅಂಚೆಚೀಟಿಗಳನ್ನೂ ಕೆಲವರು ನಾಣ್ಯಗಳನ್ನೂ ಕೂಡಿಡುತ್ತಾರೆ. ಇವೆಲ್ಲವನ್ನೂ ಲೋಕ ಮೆಚ್ಚುಗೆಯಿಂದಲೇ ನೋಡುತ್ತದೆ. ಆದರೆ ಒಬ್ಬನು ಹಳೆಯ ಕಾಗದದ ನೋಟುಗಳನ್ನು ಕೂಡಿಡುತ್ತಾನೆಂದರೆ ಕೇಳಿದವರ ಹುಬ್ಬು ಮೇಲೇರುತ್ತದೆ. ‘ಹಣದ ಆಸೆಗೆ ಹವ್ಯಾಸವೆಂಬ ಹೆಸರೇ?’ ಎಂದು ಕೆಲವರು ನಗುತ್ತಾರೆ. ‘ಅಂಗಡಿಯಲ್ಲಿ ನಡೆಯದ ಕಾಗದವನ್ನು ಕಟ್ಟಿಕೊಂಡು ಮಾಡುವುದೇನು?’ ಎಂದು ಮತ್ತೆ ಕೆಲವರು ಕೇಳುತ್ತಾರೆ. ಈ ಎರಡು ಆಕ್ಷೇಪಗಳು ಒಂದಕ್ಕೊಂದು ವಿರುದ್ಧವಾದುವು. ಮೊದಲನೆಯವರ ಪಾಲಿಗೆ ನೋಟು ಕೇವಲ ಹಣ. ಎರಡನೆಯವರ ಪಾಲಿಗೆ ಅದು ಕೇವಲ ಕಾಗದ. ಅದು ಇವೆರಡನ್ನೂ ಮೀರಿದ್ದೆಂಬುದನ್ನು ಇಬ್ಬರೂ ಮರೆತಿದ್ದಾರೆ.

ನಾಣ್ಯದಲ್ಲಿ ಲೋಹವಿದೆ. ಅರಸನು ಅಳಿದರೂ ರಾಜ್ಯ ಉರುಳಿದರೂ ಚಿನ್ನದ ವರಹವನ್ನು ಕರಗಿಸಿ ಒಡವೆ ಮಾಡಿಸಬಹುದು. ನೋಟಿನಲ್ಲಿರುವುದು ನಂಬಿಕೆಯೊಂದೇ. ಸುಮಾರು ಸಾವಿರ ವರ್ಷಗಳ ಹಿಂದೆ ಚೀನಾದೇಶದ ಸಿಚುವಾನ್ ಪ್ರಾಂತದಲ್ಲಿ ಕಬ್ಬಿಣದ ನಾಣ್ಯಗಳ ಹೊರೆಯನ್ನು ಹೊತ್ತು ಬೇಸತ್ತ ವರ್ತಕರು ಅವನ್ನು ಒಂದೆಡೆ ಒಪ್ಪಿಸಿ, ಅದಕ್ಕೆ ಪ್ರತಿಯಾಗಿ ಪಡೆದ ಚೀಟಿಗಳಲ್ಲಿಯೇ ವ್ಯವಹಾರ ನಡೆಸತೊಡಗಿದರು. ಕಾಗದದ ಹಣದ ಮೊದಲ ಹೆಜ್ಜೆ ಅದು. ಮುಂದೆ ಕುಬ್ಲೈಖಾನನ ರಾಜ್ಯದಲ್ಲಿ ಹಿಪ್ಪುನೇರಳೆ ಮರದ ತೊಗಟೆಯಿಂದ ಮಾಡಿದ ಹಣವನ್ನು ಕಂಡ ಮಾರ್ಕೋಪೋಲೋ ಬೆರಗಾಗಿ ಅದನ್ನು ವರ್ಣಿಸಿದ್ದಾನೆ. ನಂಬಿಕೆ ಇರುವವರೆಗೆ ನೋಟು ರಾಜಮರ್ಯಾದೆಯಿಂದ ಕೈಯಿಂದ ಕೈಗೆ ಸಾಗುತ್ತದೆ. ನಂಬಿಕೆ ಹೋದ ದಿನ ಅದನ್ನು ಕೇಳುವವರಿಲ್ಲ. ಗೆದ್ದಲು ತಿನ್ನುತ್ತದೆ, ಮಳೆ ನೆನೆಸುತ್ತದೆ, ಒಲೆ ನುಂಗುತ್ತದೆ. ಜೀರ್ಣವಾದ ನೋಟುಗಳನ್ನು ರಿಸರ್ವ್ ಬ್ಯಾಂಕೇ ಚೂರುಚೂರು ಮಾಡಿಸಿಬಿಡುತ್ತದೆ. ಇಷ್ಟೆಲ್ಲ ಗಂಡಾಂತರಗಳನ್ನು ದಾಟಿ ಉಳಿದುಬಂದ ಒಂದು ಹಳೆಯ ನೋಟು ಶಾಸನದಷ್ಟೇ ಗೌರವಕ್ಕೆ ಅರ್ಹವಾದುದು. ಶಾಸನ ಅರಸನ ಮಾತನ್ನು ಹೇಳಿದರೆ, ನೋಟು ಅರಸನ ಮಾತನ್ನು ಜನ ಎಷ್ಟರಮಟ್ಟಿಗೆ ನಂಬಿದರೆಂಬುದನ್ನು ಹೇಳುತ್ತದೆ.

ಭಾರತದಲ್ಲಿ ನೋಟು ಹೊರಡಿಸುವ ಅಧಿಕಾರವನ್ನು ಸರ್ಕಾರವು ತನ್ನ ಕೈಗೆ ತೆಗೆದುಕೊಂಡದ್ದು 1861ರ ಕಾಯಿದೆಯಿಂದ. ಅದಕ್ಕೆ ಮೊದಲು ಬಂಗಾಳ, ಮುಂಬಯಿ, ಮದರಾಸುಗಳ ಪ್ರೆಸಿಡೆನ್ಸಿ ಬ್ಯಾಂಕುಗಳು ತಮ್ಮ ತಮ್ಮ ನೋಟುಗಳನ್ನು ಹೊರಡಿಸುತ್ತಿದ್ದುವು. ವಿಕ್ಟೋರಿಯಾ ರಾಣಿಯ ಭಾವಚಿತ್ರವಿದ್ದ ಸರ್ಕಾರದ ಮೊದಲ ನೋಟುಗಳ ಒಂದೇ ಮಗ್ಗುಲಿನಲ್ಲಿ ಮುದ್ರಣವಿತ್ತು. ದೂರದ ಊರಿಗೆ ಹಣ ಕಳುಹಿಸುವವರು ಆ ನೋಟನ್ನು ನಡುವೆ ಕತ್ತರಿಸಿ ಅರ್ಧವನ್ನು ಮೊದಲು ಅಂಚೆಗೆ ಹಾಕುತ್ತಿದ್ದರು. ಅದು ಕ್ಷೇಮವಾಗಿ ತಲುಪಿತೆಂಬ ಸುದ್ದಿ ಬಂದ ಮೇಲೆ ಉಳಿದರ್ಧವನ್ನು ಕಳುಹಿಸುತ್ತಿದ್ದರು. ದಾರಿಗಳ್ಳನ ಕೈಗೆ ಒಂದು ತುಂಡು ಸಿಕ್ಕರೂ ಅವನಿಗೆ ಪ್ರಯೋಜನವಿಲ್ಲ. ಹೀಗೆ ಎರಡು ತುಂಡುಗಳನ್ನು ಕೂಡಿಸಿ ಅಂಟಿಸಿದ ನೋಟನ್ನು ಕಂಡವನಿಗೆ ಅಂದಿನ ರಸ್ತೆ, ಅಂಚೆ, ಜನರ ಅಂಜಿಕೆ, ಅವರ ಜಾಣತನ ಎಲ್ಲವೂ ಒಮ್ಮೆಲೇ ಕಣ್ಣಿಗೆ ಕಟ್ಟುತ್ತವೆ.

ಒಂದು ರೂಪಾಯಿಯ ನೋಟು ಹುಟ್ಟಿದ ಬಗೆಯೂ ಸ್ವಾರಸ್ಯಕರವಾದುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಅಭಾವವುಂಟಾಗಿ ರೂಪಾಯಿ ನಾಣ್ಯಗಳನ್ನು ಟಂಕಿಸುವುದು ಕಷ್ಟವಾಯಿತು. ಆಗ, 1917ರ ನವೆಂಬರ್ 30ರಂದು, ಒಂದು ರೂಪಾಯಿಯ ಕಾಗದದ ನೋಟು ಹೊರಬಿತ್ತು. ಬೆಳ್ಳಿಯ ರೂಪಾಯಿಗೆ ಒಗ್ಗಿದ ಜನ ಕಾಗದವನ್ನು ಹೇಗೆ ನಂಬಬೇಕು? ಅದಕ್ಕೆಂದೇ ನೋಟಿನ ಮೇಲೆ ಬೆಳ್ಳಿಯ ರೂಪಾಯಿಯ ಚಿತ್ರವನ್ನು ಅಚ್ಚುಹಾಕಿದರು. ಅದರ ಬೆನ್ನಿಗೇ ಎರಡು ರೂಪಾಯಿ ಎಂಟಾಣೆಯ ವಿಚಿತ್ರ ನೋಟೊಂದು ಬಂದಿತು. 1926ರಲ್ಲಿ ಅದು ಮರೆಯಾಯಿತು. ಯುರೋಪಿನ ರಣರಂಗದಲ್ಲಿ ಹಾರಿದ ಗುಂಡಿನ ಸದ್ದು ಭಾರತದ ಸಂತೆಯಲ್ಲಿ ಸೊಪ್ಪು ಮಾರುವವಳ ಮಡಿಲಿನವರೆಗೂ ಕೇಳಿಸಿತೆಂಬುದಕ್ಕೆ ಆ ಪುಟ್ಟ ಕಾಗದವೇ ಸಾಕ್ಷಿ.

ಇದಕ್ಕಿಂತ ಮನಕಲಕುವ ಸಾಕ್ಷಿ ದೇಶವಿಭಜನೆಯ ಕಾಲದ್ದು. 1947ರಲ್ಲಿ ನೆಲ ಎರಡಾಯಿತು. ಆದರೆ ಹೊಸ ರಾಷ್ಟ್ರವಾದ ಪಾಕಿಸ್ತಾನಕ್ಕೆ ತನ್ನದೆಂಬ ನೋಟು ಇರಲಿಲ್ಲ. 1948ರ ಜೂನ್ 30ರವರೆಗೆ ಭಾರತದ ರಿಸರ್ವ್ ಬ್ಯಾಂಕೇ ಅಲ್ಲಿನ ಕೇಂದ್ರಬ್ಯಾಂಕಿನ ಹೊಣೆಯನ್ನೂ ಹೊತ್ತಿತ್ತು. ಭಾರತದ ನೋಟುಗಳ ಮೇಲೆಯೇ ‘ಪಾಕಿಸ್ತಾನ ಸರ್ಕಾರ’ ಎಂಬ ಅಕ್ಷರಗಳನ್ನು ಇಂಗ್ಲಿಷಿನಲ್ಲಿಯೂ ಉರ್ದುವಿನಲ್ಲಿಯೂ ಅಚ್ಚೊತ್ತಿ ಕೊಡಲಾಯಿತು. ಅದೇ ರಾಜನ ಚಿತ್ರ, ಅದೇ ಬಣ್ಣ, ಅದೇ ಸಹಿ. ನಡುವೆ ಹೊಸದಾಗಿ ಬಿದ್ದ ಒಂದು ಸಾಲು ಮಾತ್ರ ಬೇರೆ. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆಯಾಗುವಾಗ ಪಾತ್ರೆಗಳ ಮೇಲೆ ಹೆಸರು ಕೊರೆಸುವುದನ್ನು ಕಂಡವರಿಗೆ ಆ ನೋಟಿನ ಸಂಕಟ ತಿಳಿಯದಿರದು. ವಿಭಜನೆಯನ್ನು ಕುರಿತ ನೂರು ಪುಟಗಳ ಪಾಠ ಹೇಳಲಾರದ್ದನ್ನು ಈ ಒಂದು ಸಾಲು ಹೇಳಿಬಿಡುತ್ತದೆ.

ಕನ್ನಡಿಗರಿಗೂ ಈ ಕಥೆಯಲ್ಲಿ ಪಾಲುಂಟು. ಕಲಬುರಗಿ, ಬೀದರ, ರಾಯಚೂರುಗಳು ನಿಜಾಮನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಆ ಸಂಸ್ಥಾನವು 1918ರ ತನ್ನದೇ ಕಾಯಿದೆಯಂತೆ ನೋಟುಗಳನ್ನು ಹೊರಡಿಸಿತು. ಉರ್ದುವಿನ ಜೊತೆಯಲ್ಲಿ ಮರಾಠಿ, ತೆಲುಗು, ಕನ್ನಡ ಅಕ್ಷರಗಳೂ ಅವುಗಳ ಮೇಲಿದ್ದುವು. ಪರಭಾಷೆಯ ಆಡಳಿತದಲ್ಲಿಯೂ ಸಂತೆಗೆ ಬಂದ ಒಕ್ಕಲಿಗನು ತನ್ನ ನುಡಿಯಲ್ಲಿ ಹಣದ ಬೆಲೆಯನ್ನು ಓದಿಕೊಳ್ಳಬಹುದಾಗಿತ್ತು. ಇಂದಿನ ರಿಸರ್ವ್ ಬ್ಯಾಂಕ್ ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು. 2017ರಲ್ಲಿ ಬಂದ ಹೊಸ ಮಾದರಿಯ ಐವತ್ತು ರೂಪಾಯಿಯ ನೋಟಿನಲ್ಲಿ ಹಂಪೆಯ ಕಲ್ಲಿನ ರಥವಿದೆ. ದೇಶದ ನೋಟುಗಳು ಅಚ್ಚಾಗುವ ಊರುಗಳಲ್ಲಿ ಮೈಸೂರೂ ಒಂದು. ದಿನವೂ ಕೈಯಲ್ಲಿ ಹಿಡಿಯುವ ಕಾಗದದ ಮೇಲೆ ಏನಿದೆಯೆಂದು ನೋಡುವವರು ಮಾತ್ರ ವಿರಳ.

ಹೊರದೇಶಗಳ ನೋಟುಗಳು ಇನ್ನೊಂದು ಪಾಠವನ್ನು ಕಲಿಸುತ್ತವೆ. 1923ರಲ್ಲಿ ಜರ್ಮನಿಯಲ್ಲಿ ಬೆಲೆಗಳು ಹುಚ್ಚುಹೊಳೆಯಂತೆ ಏರಿದಾಗ ಸೊನ್ನೆಗಳ ಮೇಲೆ ಸೊನ್ನೆಗಳು ಬೆಳೆದುವು. ಒಂದು ಮಗ್ಗುಲನ್ನು ಮಾತ್ರ ಅಚ್ಚುಹಾಕಿದ ನೋಟುಗಳೂ ಹೊರಬಿದ್ದುವು. 2009ರಲ್ಲಿ ಜಿಂಬಾಬ್ವೆ ದೇಶವು ಒಂದರ ಮುಂದೆ ಹದಿನಾಲ್ಕು ಸೊನ್ನೆಗಳಿರುವ ಡಾಲರ್ ನೋಟನ್ನು ಹೊರಡಿಸಿ, ಅದೇ ವರ್ಷ ತನ್ನ ಹಣವನ್ನೇ ಕೈಬಿಡಬೇಕಾಯಿತು. ಜೀವಮಾನವೆಲ್ಲ ದುಡಿದು ಕೂಡಿಟ್ಟವರ ಗಂಟು ಕೆಲವೇ ತಿಂಗಳುಗಳಲ್ಲಿ ಕರಗಿಹೋಗುವುದೆಂದರೆ ಏನೆಂಬುದು ಆ ಸೊನ್ನೆಗಳನ್ನು ಎಣಿಸುವಾಗ ಅರ್ಥವಾಗುತ್ತದೆ.

ಇಷ್ಟಾದರೂ ಈ ಹವ್ಯಾಸದಲ್ಲಿ ದೋಷಗಳಿಲ್ಲವೆಂದು ಹೇಳಲಾಗದು. ಮೊದಲನೆಯದು ದುರಾಸೆ. ಹಳೆಯ ನೋಟಿಗೆ ಲಕ್ಷಗಟ್ಟಲೆ ಹಣ ಕೊಡುವೆವೆಂದು ಆಸೆ ತೋರಿಸಿ, ಮುಂಗಡವಾಗಿ ಶುಲ್ಕ ಕಿತ್ತುಕೊಂಡು ಮಾಯವಾಗುವ ಮೋಸಗಾರರಿದ್ದಾರೆ. ಇಂತಹ ವ್ಯವಹಾರ ತನ್ನದಲ್ಲವೆಂದು ರಿಸರ್ವ್ ಬ್ಯಾಂಕು 2021ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಎರಡನೆಯದು ಮೂಢನಂಬಿಕೆ. ಇಂತಹ ಅಂಕೆಯಿದ್ದ ನೋಟು ಮನೆಯಲ್ಲಿದ್ದರೆ ಅದೃಷ್ಟವೆಂಬ ಮಾತಿಗೆ ಮರುಳಾಗಿ ಹತ್ತರ ನೋಟಿಗೆ ಸಾವಿರ ತೆರುವವನು ಸಂಗ್ರಾಹಕನಲ್ಲ. ಮೂರನೆಯದು ಕಾನೂನಿನ ಅಜ್ಞಾನ. 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳನ್ನು ಸಾಮಾನ್ಯರು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದೂ, ಅಧ್ಯಯನ, ಸಂಶೋಧನೆ, ಸಂಗ್ರಹಗಳಿಗಾಗಿ ಇಪ್ಪತ್ತೈದರವರೆಗೆ ಇಟ್ಟುಕೊಳ್ಳಬಹುದೆಂದೂ 2017ರ ಕಾಯಿದೆ ವಿಧಿಸಿದೆ. ಹವ್ಯಾಸಕ್ಕೆ ಕಾನೂನು ಬಾಗಿಲು ಮುಚ್ಚಿಲ್ಲ. ಮಿತಿಯನ್ನು ಮಾತ್ರ ಹಾಕಿದೆ.

ಇವೆಲ್ಲಕ್ಕಿಂತ ದೊಡ್ಡ ದೋಷ ಇನ್ನೊಂದುಂಟು. ಅದನ್ನು ದೋಷವೆಂದು ಯಾರೂ ಎಣಿಸುವುದಿಲ್ಲ. ಅದು ನೋಟನ್ನು ಉಳಿಸಿ ಅದರ ಕಥೆಯನ್ನು ಕಳೆಯುವುದು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದುವು. ಬದಲಾಯಿಸಿಕೊಳ್ಳುವ ಗಡುವು ಕಳೆದ ಮೇಲೆಯೂ ಎಷ್ಟೋ ಮನೆಗಳಲ್ಲಿ ಸಾಸಿವೆ ಡಬ್ಬಿಯ ತಳದಿಂದ, ಸೀರೆಯ ಮಡಿಕೆಯಿಂದ, ದೇವರ ಪಟದ ಹಿಂದಿನಿಂದ ಒಂದೊಂದು ನೋಟು ಹೊರಬಿದ್ದಿತು. ಅವು ಅಜ್ಜಿಯಂದಿರು ಮೊಮ್ಮಗಳ ಮದುವೆಗೆಂದೋ, ತಮ್ಮ ಕೊನೆಗಾಲದ ಔಷಧಕ್ಕೆಂದೋ ಹಾಲು ಮೊಸರು ಮಾರಿ ಉಳಿಸಿದ ಹಣ. ಬ್ಯಾಂಕಿನ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ವ್ಯಾಪಾರಿಯ ಲೆಕ್ಕದಲ್ಲಿಯೂ ಅದು ಲಕ್ಷಾಂತರ ನೋಟುಗಳಲ್ಲಿ ಒಂದು. ಆದರೆ ಅದನ್ನು ಯಾರು, ಯಾವಾಗ, ಯಾತಕ್ಕಾಗಿ ಇಟ್ಟರೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟರೆ, ಆ ನೋಟು ಒಂದು ಕುಟುಂಬದ ಚರಿತ್ರೆಯಾಗುತ್ತದೆ. ಬರೆಯದಿದ್ದರೆ ಅಜ್ಜಿಯೊಡನೆ ಕಥೆಯೂ ಹೋಗುತ್ತದೆ. ಉಳಿಯುವುದು ಬರಿಯ ಕಾಗದ. ವಿರಳವಾದ ನೋಟನ್ನು ಹಣವಿದ್ದವರು ಎಂದಾದರೂ ಕೊಳ್ಳಬಹುದು. ಕಳೆದುಹೋದ ಮಾತನ್ನು ಯಾರೂ ಕೊಳ್ಳಲಾರರು.

ಆದುದರಿಂದ ಈ ಹವ್ಯಾಸಕ್ಕೆ ಸಿರಿವಂತಿಕೆ ಬೇಕಿಲ್ಲ. ಇಂದು ಚಲಾವಣೆಯಲ್ಲಿರುವ ನೋಟುಗಳಿಂದಲೇ ವಿದ್ಯಾರ್ಥಿಯು ಆರಂಭಿಸಬಹುದು. ಒಂದು ರೂಪಾಯಿಯ ನೋಟಿಗೆ ರಿಸರ್ವ್ ಬ್ಯಾಂಕಿನ ಗವರ್ನರರು ಸಹಿ ಮಾಡುವುದಿಲ್ಲ, ಕೇಂದ್ರ ಸರ್ಕಾರದ ಹಣಕಾಸು ಕಾರ್ಯದರ್ಶಿ ಮಾಡುತ್ತಾರೆ, ಏಕೆ? ಕೆಲವು ನೋಟುಗಳ ಸಂಖ್ಯೆಯ ನಡುವೆ ಒಂದು ನಕ್ಷತ್ರವಿರುತ್ತದೆ. ಅಚ್ಚಿನಲ್ಲಿ ಕೆಟ್ಟ ನೋಟಿಗೆ ಬದಲಾಗಿ ಸೇರಿಸಿದ್ದೆಂಬುದಕ್ಕೆ ಅದು ಗುರುತು. ಹೀಗೆ ನೋಡುವ ಕಣ್ಣು ತೆರೆದರೆ ಹತ್ತು ರೂಪಾಯಿಯ ನೋಟೂ ಪಾಠಪುಸ್ತಕವಾಗುತ್ತದೆ. ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕು ಹಣದ ವಸ್ತುಸಂಗ್ರಹಾಲಯವನ್ನು ನಡೆಸುತ್ತಿದೆ. ಬೆಂಗಳೂರಿನಲ್ಲಿ ರೆಜ್ವಾನ್ ರಜಾಕ್ ಅವರು ತಮ್ಮ ಸಂಗ್ರಹದಿಂದ ಭಾರತದ ಕಾಗದದ ಹಣಕ್ಕೆಂದೇ ಒಂದು ಸಂಗ್ರಹಾಲಯವನ್ನು ಕಟ್ಟಿದ್ದಾರೆ.

ಕೂಡಿಟ್ಟದ್ದನ್ನು ಕಾಪಾಡುವುದಕ್ಕೂ ಶಿಸ್ತು ಬೇಕು. ನೋಟನ್ನು ಅಂಚಿನಲ್ಲಿ ಹಿಡಿಯಬೇಕು, ಮಡಿಸಬಾರದು, ಅಂಟುಪಟ್ಟಿ ಹಚ್ಚಬಾರದು, ತೊಳೆದು ಇಸ್ತ್ರಿ ಮಾಡಿ ಹೊಸದಾಗಿಸುವ ಗೋಜಿಗೆ ಹೋಗಬಾರದು. ನೋಟಿನ ಮಾಸಲು ಬಣ್ಣವೂ ಅದು ನಡೆದ ದಾರಿಯ ಗುರುತೇ. ತೇವವೂ ಬಿಸಿಲೂ ತಾಕದ ಕಡೆಯಲ್ಲಿ ಅದು ಬಹುಕಾಲ ಬಾಳುತ್ತದೆ.

‘ದುಡ್ಡೇ ದೊಡ್ಡಪ್ಪ, ವಿದ್ಯೆ ಅವರಪ್ಪ’ ಎಂಬ ಗಾದೆ ನಮ್ಮಲ್ಲಿದೆ. ಚಲಾವಣೆಯಲ್ಲಿರುವಷ್ಟು ಕಾಲ ನೋಟು ದೊಡ್ಡಪ್ಪನಂತೆ ಮೆರೆಯುತ್ತದೆ. ಚಲಾವಣೆ ನಿಂತ ದಿನ ಅದರ ದರ್ಪ ಇಳಿಯುತ್ತದೆ. ಆದರೆ ಬಲ್ಲವನ ಕೈಗೆ ಬಂದರೆ ಅಂದಿನಿಂದಲೇ ಅದು ವಿದ್ಯೆಯಾಗತೊಡಗುತ್ತದೆ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಂತಹದೊಂದು ನೋಟು ದೊರೆತಾಗ ‘ಇದಕ್ಕೆಷ್ಟು ಬರುತ್ತದೆ?’ ಎಂದು ಅಂಗಡಿಯವನನ್ನು ಕೇಳುವ ಮೊದಲು, ‘ಇದನ್ನು ಯಾರು ಇಟ್ಟಿದ್ದರು?’ ಎಂದು ಮನೆಯ ಹಿರಿಯರನ್ನು ಕೇಳುವುದು ಲೇಸು. ಮೊದಲನೆಯ ಪ್ರಶ್ನೆಗೆ ನಾಳೆಯೂ ಉತ್ತರ ದೊರೆಯುತ್ತದೆ; ಎರಡನೆಯದಕ್ಕೆ ಉತ್ತರ ಹೇಳುವವರು ಮಾತ್ರ ನಾಳೆ ಇರಲಾರರು.