ಎಲ್ಲರ ಕೈಗೂ ಸಲ್ಲುವ ಸಿಹಿ



ಕಳೆದ ವರ್ಷ ನಮ್ಮ ಚರ್ಚಿನಲ್ಲಿ ಮಕ್ಕಳ ಪ್ರಥಮ ಪರಮಪ್ರಸಾದದ ಸಂಭ್ರಮ. ಬಲಿಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ಉಪಾಹಾರವಿತ್ತು. ಬಿಳಿ ಉಡುಪಿನ ಮಕ್ಕಳು ಸಾಲಾಗಿ ಕುಳಿತಿದ್ದರು. ಬೇಕರಿಯಿಂದ ತರಿಸಿದ ಕೇಕು ಮತ್ತು ಬಣ್ಣದ ಸಕ್ಕರೆ ಬಳಿದ ಡೋನಟ್‌ಗಳನ್ನು ನಾನೇ ಹಂಚುತ್ತಾ ಹೋದೆ. ಸಾಲಿನ ಕೊನೆಯಲ್ಲಿದ್ದ ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು.

“ತಗೋ ಮಗಾ, ನಾಚಿಕೆ ಯಾಕೆ?” ಎಂದೆ.

“ನನಗೆ ಅದು ಆಗುವುದಿಲ್ಲ ಫಾದರ್” ಎಂದಳು.

ಪಕ್ಕದಲ್ಲಿದ್ದ ಅವಳ ಅಜ್ಜಿ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದರು. ಅದರಲ್ಲಿ ಎರಡು ಬಾಳೆಹಣ್ಣು, ಒಂದು ಅವಲಕ್ಕಿ ಉಂಡೆ. ಮಗುವಿಗೆ ಹಾಲು ಮತ್ತು ಮೊಟ್ಟೆಯ ಅಲರ್ಜಿಯಂತೆ. ಒಂದು ವರ್ಷದವಳಿದ್ದಾಗ ಒಂದು ಚಮಚ ಹಾಲಿನ ಪಾಯಸ ತಿಂದು ತುಟಿ ಊದಿ, ಉಸಿರು ಕಟ್ಟಿ, ರಾತ್ರೋರಾತ್ರಿ ಮಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಾಯಿತಂತೆ. “ಯಾರ ಮನೆಗೆ ಹೋಗುವುದಾದರೂ ಡಬ್ಬಿ ಹಿಡಿದುಕೊಂಡೇ ಹೋಗುವುದು ಫಾದರ್. ಅವಳಿಗೆ ಅಭ್ಯಾಸ ಆಗಿದೆ” ಎಂದರು ಅಜ್ಜಿ.

ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಎಲ್ಲರೂ ಒಂದೇ ಮೇಜಿನ ಮಕ್ಕಳು ಎಂದು ಆ ದಿನ ಬೆಳಿಗ್ಗೆ ಪ್ರಬೋಧನೆಯಲ್ಲಿ ಹೇಳಿದವನು ನಾನೇ. ತಿಂಡಿಯ ಪಟ್ಟಿ ಬರೆದುಕೊಟ್ಟವನೂ ನಾನೇ. ಯಾರಿಗೆ ಏನು ಆಗುವುದಿಲ್ಲ ಎಂದು ಕೇಳಬೇಕೆಂಬ ಯೋಚನೆ ಮಾತ್ರ ನನಗೆ ಬಂದಿರಲಿಲ್ಲ.

ಹಾಲು, ಮೊಟ್ಟೆ, ಬೆಣ್ಣೆ ಇಲ್ಲದ ಡೋನಟ್ ಮಾಡಲು ನಾನು ಕಲಿತದ್ದು ಹೀಗೆ. ಇಂಥ ಆಹಾರಕ್ಕೆ ಈಗ ‘ವೀಗನ್’ ಎನ್ನುತ್ತಾರೆ. ಈ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ನಮ್ಮಲ್ಲಿ ಸಸ್ಯಾಹಾರ ಎಂದರೆ ಹಾಲು, ಮೊಸರು, ತುಪ್ಪ ಎಲ್ಲವೂ ಸೇರಿರುತ್ತವೆ. ವೀಗನ್ ಆಹಾರದಲ್ಲಿ ಅವು ಯಾವುವೂ ಇಲ್ಲ, ಜೇನೂ ಇಲ್ಲ. ಕೆಲವರು ಪ್ರಾಣಿದಯೆಯಿಂದ ಇದನ್ನು ಪಾಲಿಸುತ್ತಾರೆ. ಈ ಮಗುವಿನಂಥವರಿಗೆ ಅದು ಜೀವದ ಪ್ರಶ್ನೆ.

ಹೊಸ ಕಾಲದ ಖಯಾಲಿ ಎಂದು ಮೂಗು ಮುರಿಯುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. ಮಧ್ಯಯುಗದ ಯೂರೋಪಿನಲ್ಲಿ ತಪಸ್ಸುಕಾಲದ ನಲವತ್ತು ದಿನ ಮಾಂಸ ಮಾತ್ರವಲ್ಲ, ಮೊಟ್ಟೆ, ಹಾಲು, ಬೆಣ್ಣೆಗಳೂ ವರ್ಜ್ಯವಾಗಿದ್ದವು. ಅದಕ್ಕಾಗಿಯೇ ಬೂದಿ ಬುಧವಾರಕ್ಕೆ ಮುಂಚಿನ ದಿನಗಳಲ್ಲಿ ಮನೆಯಲ್ಲಿದ್ದ ಮೊಟ್ಟೆ, ಕೊಬ್ಬುಗಳನ್ನು ಮುಗಿಸಲು ಕರಿದ ಸಿಹಿ ಮಾಡುತ್ತಿದ್ದರು. ಪೋಲೆಂಡಿನ ಪೊಂಚ್ಕಿ, ಜರ್ಮನಿಯ ಕ್ರಾಪ್ಫೆನ್, ಪೋರ್ಚುಗಲ್‌ನ ಮಲಸಾದ ಇವೆಲ್ಲ ಡೋನಟ್‌ನ ಬಳಗದವೇ. ತಪಸ್ಸುಕಾಲದಲ್ಲಿ ಬೆಣ್ಣೆ ತಿನ್ನಲು ಅನುಮತಿ ಪಡೆದವರು ಕೊಟ್ಟ ಹಣದಿಂದ ಕಟ್ಟಿದ್ದೆಂದು ಫ್ರಾನ್ಸಿನ ರುವಾನ್ ಪ್ರಧಾನಾಲಯದ ಒಂದು ಗೋಪುರಕ್ಕೆ ಇಂದಿಗೂ ‘ಬೆಣ್ಣೆ ಗೋಪುರ’ ಎಂಬ ಹೆಸರಿದೆ! ಪೂರ್ವದ ಹಲವು ಧರ್ಮಸಭೆಗಳಲ್ಲಿ ಹಾಲು, ಮೊಟ್ಟೆ ಬಿಡುವ ಉಪವಾಸ ಈಗಲೂ ಉಂಟು.

ಅಷ್ಟು ದೂರ ಏಕೆ ಹೋಗಬೇಕು? ನಮ್ಮ ಗಡಿನಾಡಿನ ಅಡುಗೆಮನೆಯನ್ನೇ ನೋಡಿ. ಅರಿಶಿನದ ಎಲೆಯಲ್ಲಿ ಬೇಯಿಸುವ ಸಿಹಿ ಕಡುಬಿಗೆ ಅಕ್ಕಿ, ಬೆಲ್ಲ, ಕಾಯಿತುರಿ ಸಾಕು. ಕ್ರಿಸ್ಮಸ್ ಕುಸ್ವಾರದ ಗುಳಿಯೊಗಳನ್ನು ಹಲವು ಮನೆಗಳಲ್ಲಿ ತೆಂಗಿನ ಹಾಲಿನಲ್ಲೇ ಕಲಸುತ್ತಾರೆ. ಹೆಸರು ಗೊತ್ತಿಲ್ಲದೆಯೇ ನಮ್ಮ ಅಜ್ಜಿಯಂದಿರು ಈ ವಿದ್ಯೆ ಬಲ್ಲವರಾಗಿದ್ದರು.

ಹಾಗಾದರೆ ಡೋನಟ್‌ನಲ್ಲಿ ಮೊಟ್ಟೆ, ಹಾಲು, ಬೆಣ್ಣೆಗಳ ಕೆಲಸವೇನು? ಮೊಟ್ಟೆ ಹಿಟ್ಟನ್ನು ಹಿಡಿದುಕೊಳ್ಳುತ್ತದೆ, ಉಬ್ಬಲು ನೆರವಾಗುತ್ತದೆ. ಹಾಲು ಹದ ಕೊಡುತ್ತದೆ. ಬೆಣ್ಣೆ ಮೃದುವಾಗಿಸುತ್ತದೆ. ಈ ಮೂರು ಕೆಲಸಗಳಿಗೆ ಬೇರೆ ಆಳುಗಳನ್ನು ಹುಡುಕಿದರೆ ಆಯಿತು. ಹಿಡಿದುಕೊಳ್ಳಲು ಚೆನ್ನಾಗಿ ಕಳಿತ ಬಾಳೆಹಣ್ಣು, ಹದಕ್ಕೆ ತೆಂಗಿನ ಹಾಲು, ಮೃದುತ್ವಕ್ಕೆ ಎಣ್ಣೆ. ಉಬ್ಬಿಸಲು ಬೇಕಿಂಗ್ ಪೌಡರ್ ಜೊತೆಗೆ ಅಡುಗೆ ಸೋಡಾ ಮತ್ತು ನಿಂಬೆರಸ. ಸೋಡಾ ಹಾಗೂ ಹುಳಿ ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಗುಳ್ಳೆಗಳು ಏಳುತ್ತವೆ, ಹಿಟ್ಟು ಹಗುರಾಗುತ್ತದೆ.

ಅಳತೆ ಬರೆದುಕೊಳ್ಳಿ. ಒಂದೂವರೆ ಕಪ್ ಮೈದಾ, ಅರ್ಧ ಕಪ್ ಸಕ್ಕರೆ ಪುಡಿ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡುಗೆ ಸೋಡಾ, ಕಾಲು ಟೀ ಚಮಚ ಉಪ್ಪು, ಚಿಟಿಕೆ ಜಾಯಿಕಾಯಿ ಅಥವಾ ಏಲಕ್ಕಿ ಪುಡಿ. ಇವನ್ನು ಎರಡು ಸಲ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ಮುಕ್ಕಾಲು ಕಪ್ ತೆಂಗಿನ ಹಾಲು, ಕಾಲು ಕಪ್ ಎಣ್ಣೆ, ನುಣ್ಣಗೆ ಕಿವುಚಿದ ಬಾಳೆಹಣ್ಣು ಕಾಲು ಕಪ್, ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿ. ಇದನ್ನು ಹಿಟ್ಟಿಗೆ ಸುರಿದು, ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಚಪಾತಿ ಹಿಟ್ಟಿನಂತೆ ನಾದಬೇಡಿ. ಹೆಚ್ಚು ಕಲಸಿದಷ್ಟೂ ಡೋನಟ್ ರಬ್ಬರಿನಂತಾಗುತ್ತದೆ. ಕಲಸಿದ ಮೇಲೆ ಕಾಯಿಸದೆ ಕೂಡಲೇ ಅಚ್ಚಿಗೆ ಹಾಕಿ, ಇಲ್ಲವಾದರೆ ಗುಳ್ಳೆಗಳು ಆರಿಹೋಗುತ್ತವೆ.

ಡೋನಟ್‌ಗೆ ತೂತು ಏಕೆ ಎಂದು ಉದ್ದಿನ ವಡೆ ತಟ್ಟುವವರಿಗೆ ಹೇಳಿಕೊಡಬೇಕಾಗಿಲ್ಲ. ನಡುಭಾಗ ಹಸಿಯಾಗಿ ಉಳಿಯದೆ ಎಲ್ಲ ಕಡೆ ಸಮನಾಗಿ ಬೇಯಲಿ ಎಂದು. ಡೋನಟ್ ಅಚ್ಚು ಇದ್ದರೆ ಸುಲಭ. ಇಲ್ಲವೆಂದರೆ ಸಣ್ಣ ಕಪ್ ಕೇಕ್ ಬಟ್ಟಲುಗಳ ನಡುವೆ ಅಲ್ಯೂಮಿನಿಯಂ ಹಾಳೆಯನ್ನು ಸುರುಳಿ ಮಾಡಿ ನಿಲ್ಲಿಸಿ, ಸುತ್ತಲೂ ಹಿಟ್ಟು ಹಾಕಿ. ಅಚ್ಚಿಗೆ ಎಣ್ಣೆ ಸವರಿ, ಮುಕ್ಕಾಲು ಭಾಗ ಮಾತ್ರ ತುಂಬಿಸಿ. ಮೊದಲೇ 180 ಡಿಗ್ರಿಗೆ ಕಾಯಿಸಿದ ಓವನ್‌ನಲ್ಲಿ 12ರಿಂದ 15 ನಿಮಿಷ ಬೇಕು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಒಂದು ಅಂಗುಲ ಪುಡಿ ಉಪ್ಪು ಹರಡಿ, ಮೇಲೆ ಚಿಕ್ಕ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಅನಂತರ ಅಚ್ಚನ್ನು ಇಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಬಹುದು. ಪ್ರೆಶರ್ ಕುಕ್ಕರನ್ನೇ ಬಳಸುವುದಾದರೆ ರಬ್ಬರ್ ಬಳೆ ಮತ್ತು ವಿಷಲ್ ಎರಡನ್ನೂ ತೆಗೆದಿಡುವುದು ಕಡ್ಡಾಯ. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ. ಈ ಅಳತೆಗೆ ಸುಮಾರು ಹತ್ತು ಡೋನಟ್ ಆಗುತ್ತವೆ.

ಇನ್ನು ಮಕ್ಕಳ ಕಣ್ಣು ಹೋಗುವ ಭಾಗ, ಬಣ್ಣ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಕೃತಕ ಬಣ್ಣಗಳು ಹಾಗೂ ಸೋಡಿಯಂ ಬೆಂಜೋಯೇಟ್ ಸೇರಿದ ಪಾನೀಯ ಕುಡಿದ ಮಕ್ಕಳಲ್ಲಿ ಚಡಪಡಿಕೆ ಹೆಚ್ಚುವುದನ್ನು ಗುರುತಿಸಿದರು. 2010ರಿಂದ ಯೂರೋಪ್ ಒಕ್ಕೂಟದಲ್ಲಿ ಅಂಥ ಆರು ಬಣ್ಣಗಳಿರುವ ತಿಂಡಿಯ ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸಬೇಕಾಗಿದೆ. ನಮ್ಮ ಪಕ್ಕದ ಕರ್ನಾಟಕದಲ್ಲಿ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಹಾಗೂ ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಬಳಸುವುದನ್ನು ಸರಕಾರ ನಿಷೇಧಿಸಿತು. ಪರೀಕ್ಷಿಸಿದ ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಕೂಡ ಸಿಕ್ಕಿತ್ತು. ಮಾರಾಟದ ಬಣ್ಣಗಳೆಲ್ಲ ವಿಷವೆಂದು ನಾನು ಹೇಳುತ್ತಿಲ್ಲ. ಹಿತ್ತಿಲಲ್ಲೇ ಬಣ್ಣ ಇರುವಾಗ ಸೀಸೆಯನ್ನು ಏಕೆ ಕೊಳ್ಳಬೇಕು ಎನ್ನುತ್ತಿದ್ದೇನೆ, ಅಷ್ಟೇ.

ಒಂದು ಕಪ್ ಸಕ್ಕರೆಯನ್ನು ಒಂದು ಚಮಚ ಕಾರ್ನ್‌ಫ್ಲೋರ್ ಜೊತೆ ಮಿಕ್ಸಿಯಲ್ಲಿ ಹಿಟ್ಟಿನಂತೆ ಪುಡಿ ಮಾಡಿ ಜರಡಿ ಹಿಡಿಯಿರಿ. ನಾಲ್ಕೈದು ಟೀ ಚಮಚದಷ್ಟು ಬಣ್ಣದ ರಸವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ಚಮಚದಿಂದ ನಿಧಾನವಾಗಿ ಇಳಿಯುವ ಹದಕ್ಕೆ ಕಲಸಿ. ಬೀಟ್‌ರೂಟ್ ತುರಿದು ಹಿಂಡಿದ ರಸ ಗುಲಾಬಿ ಬಣ್ಣ ಕೊಡುತ್ತದೆ. ಬೆಚ್ಚಗಿನ ತೆಂಗಿನ ಹಾಲಿನಲ್ಲಿ ಚಿಟಿಕೆ ಅರಿಶಿನ ಕದಡಿದರೆ ಹಳದಿ. ಬೇಲಿಯ ಮೇಲೆ ಹಬ್ಬುವ ಬಸಳೆಯ ಕಪ್ಪು ಹಣ್ಣುಗಳನ್ನು ಹಿಸುಕಿ ಸೋಸಿದರೆ ಕಡು ನೇರಳೆಗೆಂಪು. ಚಿಕ್ಕಂದಿನಲ್ಲಿ ಅದರಿಂದ ಅಂಗೈ ಬಣ್ಣ ಮಾಡಿಕೊಂಡು ಪೆಟ್ಟು ತಿಂದವರು ನಮ್ಮಲ್ಲಿ ಹಲವರಿರಬಹುದು. ಪುನರ್ಪುಳಿಯ ಸಿಪ್ಪೆ ನೆನೆಸಿದ ನೀರು ಕೆಂಪು ಬಣ್ಣದ ಜೊತೆ ಹಿತವಾದ ಹುಳಿಯನ್ನೂ ಕೊಡುತ್ತದೆ. ನೀಲಿ ಶಂಖಪುಷ್ಪದ ಹತ್ತು ಹೂಗಳನ್ನು ಎರಡು ದೊಡ್ಡ ಚಮಚ ಬಿಸಿನೀರಿನಲ್ಲಿ ಹಾಕಿಟ್ಟರೆ ನೀಲಿ. ಅದಕ್ಕೆ ಎರಡು ಹನಿ ನಿಂಬೆರಸ ಬಿಟ್ಟರೆ ಕಣ್ಣೆದುರೇ ನೇರಳೆಯಾಗುತ್ತದೆ. ಈ ಕೆಲಸವನ್ನು ಮಕ್ಕಳಿಗೇ ಬಿಡಿ.

ಡೋನಟ್ ಪೂರ್ತಿ ತಣಿದ ಮೇಲೆ ಮಾತ್ರ ಅದ್ದಬೇಕು. ಬಿಸಿ ಇದ್ದರೆ ಸಕ್ಕರೆ ಕರಗಿ ಇಳಿದುಹೋಗುತ್ತದೆ. ಅರ್ಧ ಗಂಟೆಯಲ್ಲಿ ಮೇಲ್ಮೈ ಒಣಗುತ್ತದೆ, ಆದರೆ ನಮ್ಮ ಜುಲೈ ಮಳೆಯಲ್ಲಿ ಒಣಗುವ ಆಸೆ ಬೇಡ, ಅಂಟಂಟಾಗಿಯೇ ತಿನ್ನಿ. ಇಂಥ ಬಣ್ಣಗಳು ಬಿಸಿಲಿಗೆ, ಶಾಖಕ್ಕೆ ಮಾಸುತ್ತವೆ. ಆ ದಿನದ್ದು ಆ ದಿನವೇ ಮುಗಿಸುವುದು ಒಳ್ಳೆಯದು.

ನನ್ನ ಮೊದಲ ಪ್ರಯತ್ನದ ಕತೆಯನ್ನೂ ಹೇಳಿಬಿಡುತ್ತೇನೆ. ಹಳದಿ ಡೋನಟ್ ಆಗಲೆಂದು ಅರಿಶಿನವನ್ನು ಹಿಟ್ಟಿಗೇ ಸುರಿದೆ. ಸೋಡಾ ತುಸು ಹೆಚ್ಚೇ ಬಿದ್ದಿತ್ತು. ಬೆಂದು ಬಂದದ್ದು ಇಟ್ಟಿಗೆ ಬಣ್ಣದ ಬಳೆಗಳು! ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿ ಕೆಂಪಾಗುವುದು ಗೊತ್ತಿದ್ದರೂ, ಸೋಡಾ ಕೂಡ ಸುಣ್ಣದ ಹಾಗೆಯೇ ಕ್ಷಾರವೆಂಬುದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ಅರಿಶಿನಕ್ಕೆ ಜಾಗ ಮೇಲಿನ ಸಕ್ಕರೆಯಲ್ಲಿ ಮಾತ್ರ.

ಎರಡನೆಯ ತಪ್ಪು ನಗುವಂಥದ್ದಲ್ಲ. ಆ ಹುಡುಗಿಯ ಅಜ್ಜಿಯನ್ನು ನೆರವಿಗೆ ಕರೆದಿದ್ದೆ. ನಾನು ಅಚ್ಚಿಗೆ ಹಿಟ್ಟು ಹಾಕಲು ಹೊರಟಾಗ ಅವರು ಕೈ ಅಡ್ಡ ಹಿಡಿದರು. “ಫಾದರ್, ಮೊನ್ನೆಯ ಕೇಕಿಗೆ ಬೆಣ್ಣೆ ಸವರಿದ್ದು ಇದೇ ಅಚ್ಚಿಗೆ ಅಲ್ಲವಾ?” ಹೌದು, ಅದೇ ಅಚ್ಚು. ಒರೆಸಿ ಇಟ್ಟಿದ್ದೆನೇ ಹೊರತು ಸೋಪು ಹಾಕಿ ತೊಳೆದಿರಲಿಲ್ಲ. ಹಾಲಿಲ್ಲದ ತಿಂಡಿ ಮಾಡುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ, ಮಗುವಿಗೆ ಹಾಲನ್ನೇ ಕೊಡಲು ಹೊರಟಿದ್ದೆ.

ಅಂದು ಅಜ್ಜಿ ಕಲಿಸಿದ್ದನ್ನು ನಿಮಗೆ ಒಪ್ಪಿಸುತ್ತೇನೆ. ಪಾತ್ರೆ, ಜರಡಿ, ಚಮಚ, ಅಚ್ಚು ಎಲ್ಲವನ್ನೂ ಮೊದಲು ಸೋಪಿನಿಂದ ತೊಳೆಯಬೇಕು. ಮಾರ್ಗರಿನ್, ಚಾಕಲೇಟ್, ಪೊಟ್ಟಣದ ತೆಂಗಿನ ಹಾಲಿನ ಪುಡಿ ಇವುಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದಬೇಕು. ಎಷ್ಟೋ ಕಡೆ ಹಾಲಿನ ಅಂಶ ಅಡಗಿರುತ್ತದೆ. ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಬೇರೆ, ಹಾಲಿನ ಅಲರ್ಜಿ ಬೇರೆ. ಅಲರ್ಜಿ ಇರುವವರಿಗೆ ಚೂರು ಬಿದ್ದರೂ ಅಪಾಯ. ‘ಒಂದು ತುಂಡು ತಿಂದರೆ ಏನಾಗುತ್ತದೆ’ ಎಂದು ಒತ್ತಾಯಿಸುವುದು ಪ್ರೀತಿಯಲ್ಲ. ವೀಗನ್ ಎಂದ ಮಾತ್ರಕ್ಕೆ ಎಲ್ಲರಿಗೂ ಹಿಡಿಸುತ್ತದೆ ಎಂದೂ ಅಲ್ಲ. ಕೆಲವರಿಗೆ ಗೋಧಿ, ಮೈದಾ ಆಗದು. ಕೆಲವರಿಗೆ ಗೇರುಬೀಜ, ನೆಲಗಡಲೆ, ಸೋಯಾ ಆಗದು. ಆದ್ದರಿಂದ ಕೇಳಿ ತಿಳಿದೇ ಮಾಡಬೇಕು. ಸಂಶಯವಿದ್ದರೆ ಮನೆಯಲ್ಲಿ ಪರೀಕ್ಷೆ ನಡೆಸದೆ ವೈದ್ಯರನ್ನು ಕಾಣಬೇಕು.

ಈ ವರ್ಷ ಮಕ್ಕಳ ಶಿಬಿರದ ಕೊನೆಯ ದಿನ ಚರ್ಚಿನ ಅಡುಗೆಮನೆಯಲ್ಲಿ ನಾಲ್ಕು ಬಗೆಯ ಬಣ್ಣದ ಅರುವತ್ತು ಡೋನಟ್ ಮಾಡಿದೆವು. ಪ್ರತಿಯೊಂದು ಪೊಟ್ಟಣದ ಮೇಲಿನ ಬರಹವನ್ನು ಹುಡುಗಿಯ ತಾಯಿಯೇ ಓದಿ ನೋಡಿದರು. ಒಬ್ಬಳಿಗಾಗಿ ಬೇರೆ ಮಾಡಿದ್ದಲ್ಲ, ಎಲ್ಲರಿಗೂ ಅದನ್ನೇ. ಮಕ್ಕಳಲ್ಲಿ ಒಬ್ಬರೂ ಬೆಣ್ಣೆ ಎಲ್ಲಿ, ಮೊಟ್ಟೆ ಎಲ್ಲಿ ಎಂದು ಕೇಳಲಿಲ್ಲ. ಇನ್ನೊಂದು ಸಿಗುತ್ತದೆಯೇ ಎಂದು ಮಾತ್ರ ಕೇಳಿದರು.

ಆ ಹುಡುಗಿ ಮೊದಲು ತನ್ನ ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದ ಮೇಲೆ ನೇರಳೆಯದೊಂದನ್ನು ಎತ್ತಿಕೊಂಡಳು. ತಿಂದು ಮುಗಿಸಿ, ಕೈ ತೊಳೆದು ಬಂದು, “ಫಾದರ್, ನಾನು ಹಂಚಲಾ?” ಎಂದಳು. ತಟ್ಟೆಯನ್ನು ಅವಳ ಕೈಗೆ ಕೊಟ್ಟೆ. ಅಜ್ಜಿಯ ಚೀಲದಲ್ಲಿ ಅಂದೂ ಡಬ್ಬಿ ಇತ್ತು. ಸಂಜೆಯವರೆಗೂ ಅದನ್ನು ತೆರೆಯಬೇಕಾಗಿ ಬರಲಿಲ್ಲ.

ಮುಂದಿನ ಸಲ ನಿಮ್ಮ ಮನೆಯಲ್ಲಿ ಹುಟ್ಟುಹಬ್ಬವೋ, ವಾರ್ಡಿನಲ್ಲಿ ಕೂಟವೋ ಇದ್ದಾಗ, ತಿಂಡಿಯ ಪಟ್ಟಿ ಬರೆಯುವ ಮೊದಲು ಒಂದು ಮಾತು ಕೇಳಿ: “ಯಾರಿಗೆ ಏನು ಆಗುವುದಿಲ್ಲ?” ಉಳಿದದ್ದಕ್ಕೆ ತೆಂಗಿನಕಾಯಿ, ಬಾಳೆಹಣ್ಣು, ಹಿತ್ತಿಲ ಬಸಳೆ ಇದ್ದೇ ಇದೆ.