ಹಡಗು ನಿಲ್ಲಿಸಿದವರ ಲೆಕ್ಕ

ಅಂಗಡಿ ಮುಂದಿನ ಬಸ್ ಸ್ಟಾಪು ರಾತ್ರೋರಾತ್ರಿ ಎತ್ತಿಬಿಟ್ಟರೆ ವ್ಯಾಪಾರ ಏನಾಗುತ್ತೆ ಅಂತ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆನಡಾ ದೇಶದ ನೋವಾ ಸ್ಕೋಶಿಯಾ ಪ್ರಾಂತ್ಯದ ಯಾರ್ಮತ್ ಎಂಬ ಸಣ್ಣ ಬಂದರಿಗೆ 2009ರ ಡಿಸೆಂಬರಿನಲ್ಲಿ ಬಡಿದ ಪೆಟ್ಟು ಅಂಥದ್ದೇ. ಅಲ್ಲಿಂದ ಅಮೆರಿಕದ ಮೇನ್ ರಾಜ್ಯಕ್ಕೆ ಓಡುತ್ತಿದ್ದ ‘ದಿ ಕ್ಯಾಟ್’ ಹಡಗಿಗೆ ಇನ್ನು ಸಹಾಯಧನ ಇಲ್ಲ ಎಂದಿತು ಪ್ರಾಂತೀಯ ಸರ್ಕಾರ. ನಡೆಸುತ್ತಿದ್ದ ಬೇ ಫೆರೀಸ್ ಕಂಪನಿ ಕೈಯೆತ್ತಿತು.

ಜನ ಕಡಿಮೆಯಾಗಿದ್ದರು, ನಿಜ. ಆ ವರ್ಷದ ಜೂನ್‌ನಿಂದ ಅಮೆರಿಕದವರು ತಮ್ಮೂರಿಗೆ ವಾಪಸು ಹೋಗಲೂ ಪಾಸ್‌ಪೋರ್ಟ್ ಅಥವಾ ಅಂಥದೇ ಕಾಗದ ತೋರಿಸಬೇಕಾಯಿತು. ಆದರೆ ಸರ್ಕಾರ ಎಣಿಸಿದ್ದು ಹಡಗಿನ ನಷ್ಟ ಮಾತ್ರ. ಹಡಗಿಳಿದವನು ಊಟ ಮಾಡ್ತಾನೆ, ರೂಮು ಹಿಡೀತಾನೆ, ಕಾರಿಗೆ ಪೆಟ್ರೋಲ್ ಹಾಕಿಸ್ತಾನೆ. ಅದು ಯಾವ ಖಾತೆಗೆ? ಊರಿನ ಮೋಟೆಲುಗಳು ಬಾಗಿಲು ಹಾಕಿದವು.

ಮುಂದಿನ ಕಥೆ ಇನ್ನೂ ಚೆಂದ! 2014ರಲ್ಲಿ ಅದೇ ಪ್ರಾಂತ್ಯ ದುಡ್ಡು ಸುರಿದು ‘ನೋವಾ ಸ್ಟಾರ್’ ಎಂಬ ಹಡಗು ಓಡಿಸಿತು. ಏಳು ವರ್ಷಕ್ಕೆಂದು ತೆಗೆದಿಟ್ಟ 2 ಕೋಟಿ 10 ಲಕ್ಷ ಡಾಲರು ಮೊದಲ ವರ್ಷವೇ ಖಾಲಿ. 2015ರಲ್ಲಿ ಅದೂ ನಿಂತಿತು. ಬಾಕಿ ಬರಬೇಕಾದವರು ಕೋರ್ಟಿಗೆ ಹೋದರು, ಹಡಗು ಪೋರ್ಟ್‌ಲೆಂಡಿನಲ್ಲಿ ಜಪ್ತಿಯಾಯಿತು. 2016ಕ್ಕೆ ಕರೆದದ್ದು ಯಾರನ್ನ? ಅದೇ ಬೇ ಫೆರೀಸನ್ನ, ಸಹಾಯಧನದ ಸಮೇತ!

ಹೇಗೂ ಕೊಡುವುದೇ ಆಗಿದ್ದರೆ, 2010ರಿಂದ 2013ರವರೆಗೆ ನಾಲ್ಕು ಬೇಸಿಗೆ ಆ ಮೋಟೆಲಿನವರು ಖಾಲಿ ಸಮುದ್ರ ನೋಡುತ್ತಾ ಕೂತದ್ದು ಯಾರ ಲೆಕ್ಕಕ್ಕೆ ಸ್ವಾಮಿ?